ಚಿಲಿ–ಅರ್ಜೆಂಟಿನಾ ಗಡಿ ಜಗಳಕ್ಕೆ ಇಂಗ್ಲೆಂಡಿನ ರಾಜ ಪಂಚನಾಗಿದ್ದು ಹೇಗೆ?

ಓದುಗರ ಪ್ರಶ್ನೆ: ಚಿಲಿ, ಅರ್ಜೆಂಟಿನಾ ಎರಡೂ ಸ್ಪೇನಿನಿಂದ ಬಿಡುಗಡೆಯಾದ ದೇಶಗಳು. ಬ್ರಿಟಿಷರ ಕೈಕೆಳಗೆ ಇದ್ದವಲ್ಲ. ಹಾಗಿದ್ದೂ 1902ರಲ್ಲಿ ಅವುಗಳ ಗಡಿಯನ್ನು ಇಂಗ್ಲೆಂಡಿನ ರಾಜ ತೀರ್ಮಾನ ಮಾಡಿದ್ದು ಹೇಗೆ? ಎರಡೂ ದೇಶಗಳು ಅದನ್ನು ಒಪ್ಪಿದ್ದಾದರೂ ಯಾಕೆ?

ಅವರೇ ಕರೆದರು, ಅದಕ್ಕೇ ರಾಜ ಬಂದ. 1896ರಲ್ಲಿ ಎರಡೂ ದೇಶಗಳು ಒಂದು ಒಪ್ಪಂದ ಮಾಡಿಕೊಂಡವು: ಗಡಿ ವಿಷಯದಲ್ಲಿ ನಮ್ಮಿಬ್ಬರಿಗೆ ಹೊಂದಾಣಿಕೆ ಆಗದಿದ್ದರೆ ಬ್ರಿಟಿಷ್ ದೊರೆಯ ತೀರ್ಪಿಗೆ ಬಿಡೋಣ ಅಂತ. ಇನ್ನು ಆ ತೀರ್ಪನ್ನು ಒಪ್ಪಿದ್ದಕ್ಕೆ ಕಾರಣ ರಾಜನ ಮೇಲಿನ ಗೌರವಕ್ಕಿಂತ ಜಾಸ್ತಿ ಖಜಾನೆಯ ಸ್ಥಿತಿ. ಅದಕ್ಕೆ ಆಮೇಲೆ ಬರೋಣ. ಮೊದಲು ಜಗಳ ಏನಿತ್ತು ಅಂತ ನೋಡಬೇಕು, ಏಕೆಂದರೆ ಅದು ತುಂಬಾ ಸ್ವಾರಸ್ಯದ ಜಗಳ.

1881ರ ಒಪ್ಪಂದದಲ್ಲಿ ಗಡಿಯನ್ನು ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ್ದರು: ಆಂಡಿಸ್ ಪರ್ವತಗಳಲ್ಲಿ ನೀರನ್ನು ಇಬ್ಭಾಗ ಮಾಡುವ ಅತಿ ಎತ್ತರದ ಶಿಖರಗಳ ಮೇಲೆ ಗಡಿ ಹಾಯುತ್ತದೆ. ಕೇಳಲು ಸರಿಯಾಗಿಯೇ ಇದೆ. ನಮ್ಮಲ್ಲಿ ಸಕಲೇಶಪುರ, ಬಿಸ್ಲೆ ಕಡೆ ಹೋದವರಿಗೆ ಇದು ಗೊತ್ತು. ಅಲ್ಲಿ ದಿಣ್ಣೆಯ ಒಂದು ಪಕ್ಕ ಬಿದ್ದ ಮಳೆ ಅರಬ್ಬಿ ಸಮುದ್ರಕ್ಕೆ, ಇನ್ನೊಂದು ಪಕ್ಕ ಬಿದ್ದದ್ದು ಹೇಮಾವತಿ, ಕಾವೇರಿ ಹಿಡಿದು ಬಂಗಾಳ ಕೊಲ್ಲಿಗೆ. ಬೆಟ್ಟದ ನೆತ್ತಿ ಎಲ್ಲಿದೆಯೋ ನೀರು ಒಡೆಯುವುದೂ ಅಲ್ಲೇ ಅಂತ ಯಾರಿಗಾದರೂ ಅನಿಸುತ್ತದೆ.

ಆಂಡಿಸ್‌ನ ಉತ್ತರ ಭಾಗದಲ್ಲಿ ಹೆಚ್ಚುಕಡಿಮೆ ಹಾಗೇ ಇದೆ. ದಕ್ಷಿಣದ ಪ್ಯಾಟಗೋನಿಯಾದಲ್ಲಿ ಇಲ್ಲ. ಹಿಮಯುಗದಲ್ಲಿ ಅಲ್ಲಿನ ಹಿಮನದಿಗಳು ಬೆಟ್ಟ ಸಾಲನ್ನು ಕೊರೆದು, ಕಲ್ಲುಮಣ್ಣನ್ನೆಲ್ಲ ಪೂರ್ವಕ್ಕೆ ತಳ್ಳಿ ದಿಬ್ಬ ಹಾಕಿದವು. ಹಾಗಾಗಿ ಶಿಖರಗಳು ಪಶ್ಚಿಮದಲ್ಲಿ ನಿಂತಿವೆ, ನೀರು ಒಡೆಯುವ ಜಾಗ ಎಷ್ಟೋ ದೂರ ಪೂರ್ವಕ್ಕೆ, ಬಯಲಿನ ಅಂಚಿನಲ್ಲಿದೆ. ನಡುವಿನ ದೊಡ್ಡ ದೊಡ್ಡ ಕೆರೆಗಳ ನೀರು ಬೆಟ್ಟಸಾಲನ್ನೇ ಸೀಳಿಕೊಂಡು ಪಶ್ಚಿಮದ ಪೆಸಿಫಿಕ್ ಸಾಗರ ಸೇರುತ್ತದೆ. ಚಿಲಿಯ ಪರವಾಗಿ ಡಿಯೆಗೊ ಬಾರೋಸ್ ಅರಾನಾ, ನೀರು ಒಡೆಯುವ ಜಾಗವೇ ಗಡಿ ಅಂದರು. ಅರ್ಜೆಂಟಿನಾದ ಪರವಾಗಿ ಫ್ರಾನ್ಸಿಸ್ಕೊ ಮೊರೆನೊ, ಶಿಖರಗಳೇ ಗಡಿ ಅಂದರು. ಒಪ್ಪಂದದ ಅದೇ ಸಾಲನ್ನು ಇಬ್ಬರೂ ತೋರಿಸುತ್ತಿದ್ದರು. ಎರಡು ಗೆರೆಗಳ ನಡುವೆ ಸಿಕ್ಕಿಬಿದ್ದ ನೆಲ ಸುಮಾರು 94,000 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಅರ್ಧದಷ್ಟು!

ಮೊರೆನೊ ಮಾಡಿದ ಒಂದು ಕಿತಾಪತಿಯನ್ನು ಇಲ್ಲಿ ಹೇಳಲೇಬೇಕು. ಫೆನಿಕ್ಸ್ ಅಂತ ಒಂದು ಸಣ್ಣ ನದಿ. ಅದು ಪೂರ್ವಕ್ಕೆ ಇಳಿದು ಬರುತ್ತದೆ, ಅಟ್ಲಾಂಟಿಕ್‌ಗೆ ಹೋಗುವ ಡೆಸೆಯಾಡೊ ನದಿಯ ಹತ್ತಿರಕ್ಕೇ ಬಂದು ಸಟ್ಟನೆ ಪಶ್ಚಿಮಕ್ಕೆ ತಿರುಗಿ ಬ್ಯೂನಸ್ ಐರಿಸ್ ಅನ್ನುವ ಕೆರೆಗೆ ಬೀಳುತ್ತದೆ. (ಹೌದು, ರಾಜಧಾನಿಯದ್ದೇ ಹೆಸರು.) ಆ ಕೆರೆಯ ನೀರು ಹೋಗುವುದು ಪೆಸಿಫಿಕ್‌ಗೆ. 1898ರಲ್ಲಿ ಮೊರೆನೊ ಕೆಲವೇ ಆಳುಗಳನ್ನು ಹಚ್ಚಿ ಆ ತಿರುವಿನಲ್ಲಿ ಸಣ್ಣದೊಂದು ಕಾಲುವೆ ತೋಡಿಸಿದರು. ಕೆಲವೇ ದಿನಗಳಲ್ಲಿ ಫೆನಿಕ್ಸ್ ನೀರು ಡೆಸೆಯಾಡೊ ಕಡೆ ಹರಿಯತೊಡಗಿತು. ಪೆಸಿಫಿಕ್‌ನ ನದಿ ಅಟ್ಲಾಂಟಿಕ್‌ನದ್ದಾಯಿತು! ಗುದ್ದಲಿ, ಸಲಿಕೆಯಿಂದ ಜರುಗಿಸಬಹುದಾದ ಗೆರೆಯನ್ನು ದೇಶದ ಗಡಿ ಅನ್ನುವುದು ಹೇಗೆ ಅನ್ನುವುದು ಮೊರೆನೊ ವಾದ. ವಾದ ಜೋರಾಗಿಯೇ ಇದೆ. ಆದರೆ ಶಿಖರಗಳ ಗೆರೆ ಹಿಡಿದರೆ ಅದು ನದಿಗಳನ್ನು ಅಲ್ಲಲ್ಲಿ ಕತ್ತರಿಸಿಕೊಂಡು ಹೋಗಬೇಕಿತ್ತು, ಅದರ ಬಗ್ಗೆ ಅರ್ಜೆಂಟಿನಾ ಹೆಚ್ಚು ಮಾತಾಡಲಿಲ್ಲ.

1898ರಲ್ಲಿ ಕಡತ ಲಂಡನ್‌ಗೆ ಹೋಯಿತು. ಆಗ ಗದ್ದುಗೆಯಲ್ಲಿದ್ದವರು ರಾಣಿ ವಿಕ್ಟೋರಿಯಾ. ವಿಚಾರಣೆ ಮುಗಿಯುವ ಮೊದಲೇ, 1901ರಲ್ಲಿ ಅವರು ತೀರಿಕೊಂಡರು. ತೀರ್ಪಿಗೆ ಸಹಿ ಹಾಕಿದ್ದು ಮಗ ಏಳನೇ ಎಡ್ವರ್ಡ್. ರಾಜ ಕೂತು ನಕ್ಷೆ ಓದಿದರು ಅಂತ ಏನೂ ಅಂದುಕೊಳ್ಳಬೇಡಿ. ಕೆಲಸ ಮಾಡಿದ್ದು ಮೂವರ ಸಮಿತಿ: ನ್ಯಾಯಾಧೀಶ ಲಾರ್ಡ್ ಮ್ಯಾಕ್‌ನಾಟನ್, ಸೇನೆಯ ಜಾನ್ ಅರ್ಡಾ, ಸರ್ವೆಯರ್ ಥಾಮಸ್ ಹೋಲ್ಡಿಚ್. ಈ ಹೋಲ್ಡಿಚ್ ಪಳಗಿದ್ದು ನಮ್ಮ ದೇಶದ ಸರ್ವೆ ಇಲಾಖೆಯಲ್ಲಿ. ಅಫ್ಘಾನಿಸ್ತಾನದ ಕಡೆ, ಪಾಮಿರ್ ಕಡೆ ಬ್ರಿಟಿಷ್ ಸಾಮ್ರಾಜ್ಯದ ಗಡಿಗಳನ್ನು ಅಳೆದ ಅನುಭವ ಅವರದ್ದು. ನನ್ನ ಪ್ರಕಾರ ಈ ಪಂಚಾಯ್ತಿಕೆಯ ನಿಜವಾದ ಪಂಚ ಅವರೇ.

1902ರಲ್ಲಿ ಹೋಲ್ಡಿಚ್ ಸ್ವತಃ ಪ್ಯಾಟಗೋನಿಯಾಕ್ಕೆ ಹೋಗಿ ಜಗಳದ ಜಾಗಗಳನ್ನು ನೋಡಿದರು. ಏಪ್ರಿಲ್ 30ರಂದು ಈಗಿನ ಟ್ರೆವೆಲಿನ್ ಊರಿನ ಹತ್ತಿರದ ಒಂದು ಶಾಲೆಯಲ್ಲಿ ಅಲ್ಲಿನ ವೆಲ್ಷ್ ಒಕ್ಕಲಿನವರು ಸೇರಿದ್ದರು. ಆ ಕಣಿವೆಯ ನೀರು ಪೆಸಿಫಿಕ್‌ಗೆ ಹೋಗುತ್ತದೆ. ಚಿಲಿಯ ಲೆಕ್ಕ ಹಿಡಿದರೆ ಅದು ಚಿಲಿಗೆ ಸೇರಬೇಕು. ಯಾವ ದೇಶ ಬೇಕು ಅಂತ ಕೇಳಿದಾಗ ಅವರು ಅರ್ಜೆಂಟಿನಾ ಅಂದರು, ಕಣಿವೆ ಅರ್ಜೆಂಟಿನಾಕ್ಕೇ ಉಳಿಯಿತು. ಇಂಗ್ಲಿಷಿನ ಒತ್ತಡದಿಂದ ತಮ್ಮ ಭಾಷೆ ಉಳಿಸಿಕೊಳ್ಳೋಣ ಅಂತ ಈ ಜನರ ಮೊದಲ ಗುಂಪು 1865ರಲ್ಲೇ ಹಡಗು ಹತ್ತಿ ಪ್ಯಾಟಗೋನಿಯಾಕ್ಕೆ ಬಂದಿತ್ತು. ಅಷ್ಟು ದೂರ ಬಂದಮೇಲೂ ಅವರ ಊರನ್ನು ಯಾವ ದೇಶಕ್ಕೆ ಸೇರಿಸಬೇಕು ಅಂತ ಕೇಳಲು ಇಂಗ್ಲೆಂಡಿನ ರಾಜನ ಅಧಿಕಾರಿಯೇ ಬಂದದ್ದು ತಮಾಷೆ ಅಲ್ವಾ?

ತೀರ್ಪು ಹೊರಬಿದ್ದದ್ದು 1902ರ ನವೆಂಬರ್ 20ರಂದು. ಯಾರು ಸರಿ ಅನ್ನುವ ಪ್ರಶ್ನೆಗೆ ಸಮಿತಿ ಕೈಹಾಕಲೇ ಇಲ್ಲ. ಒಪ್ಪಂದದ ಮಾತು ಆ ನೆಲಕ್ಕೆ ಹೊಂದುವುದಿಲ್ಲ, ಇಬ್ಬರೂ ಕೇಳುತ್ತಿರುವ ಗೆರೆಗಳ ನಡುವೆ ನಾವೇ ಒಂದು ಗೆರೆ ಹುಡುಕಬೇಕು ಅಂದಿತು. ಸುಮಾರು 54,000 ಚದರ ಕಿಲೋಮೀಟರ್ ಚಿಲಿಗೆ, 40,000 ಅರ್ಜೆಂಟಿನಾಕ್ಕೆ. ಚಿಲಿಗೆ ಜಾಸ್ತಿ ಸಿಕ್ಕಿತು. ಆದರೆ ಒಳ್ಳೆಯ ಮೇವಿನ ಕಣಿವೆಗಳಲ್ಲಿ ಹಲವು ಅರ್ಜೆಂಟಿನಾ ಪಾಲಾದವು. ನಾಲ್ಕು ದೊಡ್ಡ ಕೆರೆಗಳನ್ನು ಗಡಿ ಎರಡಾಗಿ ಸೀಳಿತು. ಅದಕ್ಕೇ ಇವತ್ತಿಗೂ ಅವುಗಳಿಗೆ ಎರಡೆರಡು ಹೆಸರು. ಅರ್ಜೆಂಟಿನಾದ ಬ್ಯೂನಸ್ ಐರಿಸ್ ಕೆರೆ ಚಿಲಿಯ ದಡದಲ್ಲಿ ಜನರಲ್ ಕರ್ರೇರಾ.

ಈಗ ಖಜಾನೆಯ ಮಾತು. 1890ರ ದಶಕದುದ್ದಕ್ಕೂ ಎರಡೂ ದೇಶಗಳು ಪೈಪೋಟಿಯ ಮೇಲೆ ಯುದ್ಧನೌಕೆ ಕೊಳ್ಳುತ್ತಿದ್ದವು. ಸಾಲ ಏರುತ್ತಲೇ ಇತ್ತು. ಕೊನೆಗೆ 1902ರ ಮೇ 28ರಂದು, ಅಂದರೆ ಗಡಿ ತೀರ್ಪಿಗೆ ಆರು ತಿಂಗಳು ಮೊದಲೇ, ಹೊಸ ನೌಕೆ ಬೇಡ ಅಂತ ಇಬ್ಬರೂ ಒಪ್ಪಿಕೊಂಡರು. ಕಟ್ಟುತ್ತಿದ್ದ ನೌಕೆಗಳನ್ನೂ ಆಮೇಲೆ ಮಾರಿದರು. ಅರ್ಜೆಂಟಿನಾದ ಎರಡನ್ನು ಜಪಾನ್ ಕೊಂಡಿತು, ಚಿಲಿಯ ಎರಡನ್ನು ಬ್ರಿಟನ್ನೇ ಕೊಂಡಿತು. ಹಾಗಾಗಿ ತೀರ್ಪು ಬರುವ ಹೊತ್ತಿಗೆ ಇಬ್ಬರಿಗೂ ಬೇಕಾಗಿದ್ದದ್ದು ಮರ್ಯಾದೆಯಿಂದ ಹಿಂದೆ ಸರಿಯಲು ಒಂದು ದಾರಿ. ಸ್ವಂತ ಸರ್ಕಾರ ನೆಲ ಬಿಟ್ಟುಕೊಟ್ಟರೆ ಜನ ಬೈಯುತ್ತಾರೆ. ರಾಜ ಕೊಡಿಸಿದ ಅಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಬ್ರಿಟನ್ ಕೂಡ ಪುಕ್ಕಟೆ ಉಪಕಾರ ಮಾಡಲಿಲ್ಲ. ಎರಡೂ ದೇಶಗಳಲ್ಲಿ ಬ್ರಿಟಿಷರ ಸಾಲ, ರೈಲು, ವ್ಯಾಪಾರ ಇತ್ತು. ಯುದ್ಧವಾದರೆ ಮುಳುಗುತ್ತಿದ್ದದ್ದು ಅವರ ದುಡ್ಡೂ ಹೌದು.

ಕಾಗದದ ಮೇಲೆ ಗೆರೆ ಎಳೆದು ಬ್ರಿಟನ್ ಕೈತೊಳೆದುಕೊಳ್ಳಲೂ ಇಲ್ಲ. 1903ರಲ್ಲಿ ಹೋಲ್ಡಿಚ್ ಮತ್ತೆ ಅಧಿಕಾರಿಗಳ ತಂಡ ಕಟ್ಟಿಕೊಂಡು ಹೋಗಿ ಜಾಗದಲ್ಲೇ ಬಾಂದುಗಳನ್ನು ನಿಲ್ಲಿಸಿದರು. ಅಲ್ಲೂ ಎಡವಟ್ಟು ಆಯಿತು. ಪಲೇನಾ ಪ್ರದೇಶದಲ್ಲಿ ಎನ್‌ಕ್ವೆಂಟ್ರೊ ನದಿ ಹುಟ್ಟುವ ಜಾಗಕ್ಕೂ ತೀರ್ಪಿನಲ್ಲಿ ಹೇಳಿದ ಶಿಖರಕ್ಕೂ ತಾಳೆ ಆಗಲಿಲ್ಲ. ಆ ಒಂದು ತುಂಡಿನ ವ್ಯಾಜ್ಯ ಮತ್ತೆ ಲಂಡನ್‌ಗೆ ಹೋಗಿ, 1966ರಲ್ಲಿ ರಾಣಿ ಎರಡನೇ ಎಲಿಜಬೆತ್ ಹೆಸರಿನಲ್ಲಿ ಇನ್ನೊಂದು ತೀರ್ಪು ಬಂತು.

ಹಾಗಾದರೆ ಇಂಥ ತೀರ್ಪನ್ನು ಒಪ್ಪಲೇಬೇಕಾ? ಕಾನೂನಿನ ಪ್ರಕಾರ ಒಪ್ಪಬೇಕು. ಬೇಡ ಅಂದರೆ ಹಿಡಿದು ಒಪ್ಪಿಸುವವರು ಯಾರೂ ಇಲ್ಲ. ಇದೇ ಎರಡು ದೇಶಗಳು ದಕ್ಷಿಣ ತುದಿಯ ಬೀಗಲ್ ಜಲಸಂಧಿಯ ದ್ವೀಪಗಳಿಗೆ ಜಗಳವಾಡಿದಾಗ 1977ರಲ್ಲಿ ಬ್ರಿಟಿಷ್ ರಾಣಿಯ ಹೆಸರಿನಲ್ಲೇ ತೀರ್ಪು ಬಂತು. ದ್ವೀಪಗಳು ಚಿಲಿಯವು ಅಂತ. 1978ರ ಜನವರಿಯಲ್ಲಿ ಅರ್ಜೆಂಟಿನಾದ ಸೇನಾ ಸರ್ಕಾರ ಅದನ್ನು ತಳ್ಳಿಹಾಕಿತು. ಡಿಸೆಂಬರ್‌ನಲ್ಲಿ ಯುದ್ಧ ಇನ್ನೇನು ಶುರುವಾಗಬೇಕು ಅನ್ನುವಾಗ ಪೋಪ್ ಎರಡನೇ ಜಾನ್ ಪಾಲ್ ನಡುವೆ ಬಂದರು. 1984ರ ಒಪ್ಪಂದದಲ್ಲಿ ದ್ವೀಪಗಳು ಚಿಲಿಗೇ ಉಳಿದವು. ಆ ಹೊತ್ತಿಗೆ ಅರ್ಜೆಂಟಿನಾಕ್ಕೂ ಬ್ರಿಟನ್‌ಗೂ ಫಾಕ್‌ಲ್ಯಾಂಡ್ ಯುದ್ಧವೂ ಆಗಿಹೋಗಿತ್ತು. ಇನ್ನು ಲಂಡನ್ ಕಡೆ ಹೋಗುವ ಮಾತೇ ಇರಲಿಲ್ಲ. ಲಗುನಾ ಡೆಲ್ ಡೆಸಿಯೆರ್ಟೊ ಕಣಿವೆಯ ಜಗಳವನ್ನು 1994ರಲ್ಲಿ ಲ್ಯಾಟಿನ್ ಅಮೆರಿಕದ ನ್ಯಾಯಜ್ಞರೇ ತೀರ್ಮಾನ ಮಾಡಿದರು. ಕಣಿವೆ ಅರ್ಜೆಂಟಿನಾಕ್ಕೆ ಹೋಯಿತು.