ಬುಧ ಗ್ರಹ: 58, 88, 176 ಈ ಮೂರು ಸಂಖ್ಯೆಗಳ ಗಂಟು

ಬುಧನ ಬಗ್ಗೆ ಓದುವಾಗ ನಾನು ಸಿಕ್ಕಿಕೊಂಡಿದ್ದು ಎರಡು ಸಾಲುಗಳ ನಡುವೆ. ಬುಧ ತನ್ನ ಸುತ್ತ ಒಂದು ಸಲ ತಿರುಗಲು 58.65 ದಿನ ಬೇಕು ಅಂತ ಒಂದು ಕಡೆ ಇತ್ತು. ಬುಧನ ಮೇಲೆ ಒಂದು ಸೂರ್ಯೋದಯದಿಂದ ಮುಂದಿನ ಸೂರ್ಯೋದಯಕ್ಕೆ 176 ದಿನ ಅಂತ ಇನ್ನೊಂದು ಕಡೆ. ಒಂದು ಸಲ ತಿರುಗಿದರೆ ಒಂದು ದಿನ ಅಲ್ವಾ? ಹಾಗಾದರೆ 176 ಎಲ್ಲಿಂದ ಬಂತು? ಇದು ಬಿಡಿಸಿಕೊಳ್ಳಲು ನನಗೆ ಎರಡು ಸಂಜೆ ಹಿಡಿಯಿತು. ಬಿಡಿಸಿಕೊಂಡ ಮೇಲೆ ಬುಧನ ಅನ್ವೇಷಣೆಯ ಇತಿಹಾಸವೂ ಅದೇ ದಾರದಲ್ಲಿ ಪೋಣಿಸಿದ ಹಾಗೆ ಕಂಡಿತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಮೊದಲು ಬೇಕಾದ ಅಂಕಿಗಳು

ವ್ಯಾಸ ಸುಮಾರು 4,880 ಕಿ.ಮೀ. ಎಂಟು ಗ್ರಹಗಳಲ್ಲಿ ಇದೇ ಚಿಕ್ಕದು. ಸೂರ್ಯನಿಂದ ಸರಾಸರಿ 5.8 ಕೋಟಿ ಕಿ.ಮೀ. ಆದರೆ ಕಕ್ಷೆ ತುಂಬಾ ಉದ್ದುದ್ದ. ಹತ್ತಿರ ಬಂದಾಗ 4.6 ಕೋಟಿ, ದೂರ ಹೋದಾಗ ಸುಮಾರು 7 ಕೋಟಿ ಕಿ.ಮೀ. ಸೂರ್ಯನನ್ನು ಸುತ್ತಲು 88 ದಿನ. ಹಗಲು 430 ಡಿಗ್ರಿ ಸೆಲ್ಸಿಯಸ್ ವರೆಗೆ ಕಾಯುತ್ತದೆ, ರಾತ್ರಿ ಮೈನಸ್ 180ಕ್ಕೆ ಇಳಿಯುತ್ತದೆ. ಬಿಸಿ ಹಿಡಿದಿಡಲು ಹೊದಿಕೆಯಂಥ ಗಾಳಿ ಇಲ್ಲ, ಅದಕ್ಕೇ.

ಗಿರಕಿ ಬೇರೆ, ದಿನ ಬೇರೆ

ಇಲ್ಲೇ ನಾನು ಎಡವಿದ್ದು, ಹಾಗಾಗಿ ನಿಧಾನವಾಗಿ ಹೇಳುತ್ತೇನೆ. ಗ್ರಹ ತನ್ನ ಸುತ್ತ ತಿರುಗುವುದನ್ನು ಗಿರಕಿ ಎನ್ನೋಣ. ಸೂರ್ಯನ ಸುತ್ತ ಹೋಗುವುದನ್ನು ಸುತ್ತು ಎನ್ನೋಣ. ಈ ಎರಡು ಪದ ಬೇರೆ ಇಟ್ಟುಕೊಂಡರೆ ಅರ್ಧ ಗೊಂದಲ ಹೋಗುತ್ತದೆ.

ಅಂಗಳದಲ್ಲಿ ತುಳಸಿ ಕಟ್ಟೆ ಇದೆ ಅಂದುಕೊಳ್ಳಿ. ಕಟ್ಟೆಯ ಮೇಲಿನ ದೀಪ ಸೂರ್ಯ. ನೀವು ಬುಧ. ನಿಮ್ಮ ಮುಖ ಬುಧನ ಒಂದು ಮಗ್ಗುಲು. ಕಟ್ಟೆಯ ಆಚೆ, ತುಂಬಾ ದೂರದಲ್ಲಿ ಒಂದು ತೆಂಗಿನ ಮರ. ಅದು ನಕ್ಷತ್ರ. ಶುರುವಿನಲ್ಲಿ ನೀವು ದೀಪ ನೋಡುತ್ತಾ ನಿಂತಿದ್ದೀರಿ, ಅದರ ಹಿಂದೆಯೇ ಮರವೂ ಕಾಣುತ್ತಿದೆ.

ಮೊದಲ ಪ್ರಯೋಗ. ಮುಖವನ್ನು ದೀಪದ ಕಡೆಗೇ ಇಟ್ಟುಕೊಂಡು ಅಡ್ಡಡ್ಡ ಹೆಜ್ಜೆ ಹಾಕುತ್ತಾ ಒಂದು ಪ್ರದಕ್ಷಿಣೆ ಬನ್ನಿ. ನೀವು ತಿರುಗಿಲ್ಲ ಅನಿಸಬಹುದು. ಆದರೆ ಗಮನಿಸಿ: ಅರ್ಧ ದಾರಿಯಲ್ಲಿ ತೆಂಗಿನ ಮರ ನಿಮ್ಮ ಬೆನ್ನ ಹಿಂದೆ ಇತ್ತು. ಪೂರ್ತಿ ಬಂದಾಗ ಮತ್ತೆ ಎದುರಿಗೆ. ಅಂದರೆ ಮರದ ಲೆಕ್ಕದಲ್ಲಿ ನೀವು ಒಂದು ಗಿರಕಿ ಹೊಡೆದಿದ್ದೀರಿ. ದೀಪದ ಲೆಕ್ಕದಲ್ಲಿ ಸೊನ್ನೆ. ಬೆಳಕು ಮುಖದಿಂದ ಸರಿಯಲೇ ಇಲ್ಲ.

ಹಾಗಾಗಿ ಸೂತ್ರ ಇಷ್ಟೇ: ದಿನಗಳು = ಗಿರಕಿಗಳು − ಸುತ್ತುಗಳು. ಗಿರಕಿಯೂ ಸುತ್ತೂ ಒಂದೇ ದಿಕ್ಕಿಗೆ ಇದ್ದರೆ ಈ ಲೆಕ್ಕ ನಡೆಯುತ್ತದೆ. ಬುಧನಲ್ಲಿ ಹಾಗೇ ಇದೆ.

ಎರಡನೇ ಪ್ರಯೋಗ. ಈಗ ಒಂದು ಪ್ರದಕ್ಷಿಣೆ ಮುಗಿಯುವಷ್ಟರಲ್ಲಿ ಮರದ ಲೆಕ್ಕದಲ್ಲಿ ಒಂದೂವರೆ ಗಿರಕಿ ಹೊಡೆಯಿರಿ. ಶುರುವಾದ ಜಾಗಕ್ಕೆ ಬಂದಾಗ ದೀಪ ನಿಮ್ಮ ಬೆನ್ನಿಗೆ ಇರುತ್ತದೆ. ಒಂದು ಸುತ್ತಿಗೆ ಒಂದೂವರೆಯಲ್ಲಿ ಒಂದು ಕಳೆದರೆ ಅರ್ಧ. ಅರ್ಧ ದಿನ ಆಯಿತು, ಬೆಳಗ್ಗೆಯಿಂದ ಸಂಜೆವರೆಗೆ ಇದ್ದ ಹಾಗೆ. ಇನ್ನೊಂದು ಪ್ರದಕ್ಷಿಣೆ ಹೀಗೇ ಬನ್ನಿ. ಈಗ ಒಟ್ಟು ಮೂರು ಗಿರಕಿ, ಎರಡು ಸುತ್ತು. ದೀಪ ಮತ್ತೆ ಮುಖಕ್ಕೆ. ಒಂದು ದಿನ ಪೂರ್ತಿ.

ಬುಧ ಮಾಡುವುದು ಇದನ್ನೇ. 58.65 ಅನ್ನುವುದು 88ರ ಮೂರನೇ ಎರಡು ಭಾಗ. ಮೂರು ಗಿರಕಿಗೆ ಎರಡು ಸುತ್ತು. ಎರಡು ಸುತ್ತು ಅಂದರೆ 88 ಮತ್ತು 88, ಸೇರಿ 176. ಗಂಟು ಬಿಚ್ಚಿತು. ಬುಧನ ಒಂದು ದಿನ ಅದರ ಎರಡು ವರ್ಷಕ್ಕೆ ಸಮ.

ನಂಬಿಕೆ ಬರದಿದ್ದರೆ ಭೂಮಿಗೂ ಹಾಕಿ ನೋಡಿ. ನಮ್ಮ ಭೂಮಿ ವರ್ಷಕ್ಕೆ ಹೊಡೆಯುವ ಗಿರಕಿ ಸುಮಾರು 366.25. ಒಂದು ಸುತ್ತು ಕಳೆಯಿರಿ. 365.25 ದಿನ. ನಮಗೆ ಗಿರಕಿಗೂ ದಿನಕ್ಕೂ ನಾಲ್ಕು ನಿಮಿಷದ ವ್ಯತ್ಯಾಸ ಮಾತ್ರ ಇರುವುದರಿಂದ ಎರಡೂ ಒಂದೇ ಅಂತ ಅಭ್ಯಾಸವಾಗಿಬಿಟ್ಟಿದೆ. ಪರೀಕ್ಷೆಯಲ್ಲಿ "ಭ್ರಮಣೆಯ ಅವಧಿ" ಅಂತ ಕೇಳಿದರೆ 58.65. "ಸೌರ ದಿನ" ಅಂತ ಕೇಳಿದರೆ 176.

ಹಿಂದಿನವರಿಗೂ ಇದೇ ತೊಡಕು

ಇಟಲಿಯ ಜಿಯೊವಾನಿ ಸ್ಕಿಯಾಪರೆಲ್ಲಿ 1880ರ ದಶಕದಲ್ಲಿ ದೂರದರ್ಶಕದಿಂದ ಬುಧನನ್ನು ನೋಡಿ, ಗಿರಕಿಯೂ 88 ದಿನ, ಸುತ್ತೂ 88 ದಿನ ಎಂದರು. ಅಂದರೆ ನಮ್ಮ ಮೊದಲ ಪ್ರಯೋಗ. ಒಂದು ಮಗ್ಗುಲಿಗೆ ಸದಾ ಹಗಲು, ಇನ್ನೊಂದಕ್ಕೆ ಸದಾ ರಾತ್ರಿ. ಇದನ್ನು ಎಂಬತ್ತು ವರ್ಷಗಳ ತನಕ ಜನ ಒಪ್ಪಿಕೊಂಡಿದ್ದರು.

ಅವರು ಅಜಾಗರೂಕರಾಗಿರಲಿಲ್ಲ. ಬುಧ ಸೂರ್ಯನ ಪಕ್ಕದಲ್ಲೇ ಇರುವುದರಿಂದ ಚೆನ್ನಾಗಿ ಕಾಣುವ ಅವಕಾಶ ಕಡಿಮೆ. ಒಳ್ಳೆಯ ಅವಕಾಶಗಳು ಸುಮಾರು 350 ದಿನಕ್ಕೊಮ್ಮೆ ಮರಳಿ ಬರುತ್ತವೆ. 176ರ ಎರಡು ಪಟ್ಟು 352. ಹಾಗಾಗಿ ಪ್ರತಿ ಸಲ ಹೆಚ್ಚುಕಮ್ಮಿ ಅದೇ ಮಗ್ಗುಲು, ಅದೇ ಕಲೆಗಳು ಕಾಣುತ್ತಿದ್ದವು.

1965ರಲ್ಲಿ ಗಾರ್ಡನ್ ಪೆಟೆಂಗಿಲ್ ಮತ್ತು ರಾಲ್ಫ್ ಡೈಸ್ ಪೋರ್ಟೊ ರಿಕೊದ ಅರೆಸಿಬೊದಿಂದ ಬುಧನಿಗೆ ರೇಡಾರ್ ಅಲೆ ಕಳಿಸಿದರು. ತಿರುಗುವ ಗ್ರಹದ ಒಂದು ಅಂಚು ನಮ್ಮ ಕಡೆ ಬರುತ್ತಿರುತ್ತದೆ, ಇನ್ನೊಂದು ದೂರ ಸರಿಯುತ್ತಿರುತ್ತದೆ. ಮರಳಿ ಬಂದ ಅಲೆಯಲ್ಲಿ ಆ ವ್ಯತ್ಯಾಸ ಸಿಗುತ್ತದೆ. ಲೆಕ್ಕ ಹಾಕಿದರೆ 88 ಅಲ್ಲ, ಸುಮಾರು 59 ದಿನ. ಇದು 88ರ ಮೂರನೇ ಎರಡು ಭಾಗ ಇರಬೇಕು ಎಂದು ಗುರುತಿಸಿದವರು ಪಡುವಾ ವಿಶ್ವವಿದ್ಯಾಲಯದ ಜುಸೆಪ್ಪೆ ಕೊಲಂಬೊ. ಹತ್ತಿರದವರಿಗೆ ಬೆಪಿ. ಈ ಹೆಸರು ನೆನಪಿಡಿ.

ಸೂರ್ಯನ ಕಡೆ ಇಳಿಯುವುದು ಯಾಕೆ ಕಷ್ಟ

ಭೂಮಿಯಿಂದ ಹೊರಟ ನೌಕೆಗೆ ಭೂಮಿಯ ವೇಗ ಆಗಲೇ ಇರುತ್ತದೆ, ಸೆಕೆಂಡಿಗೆ ಸುಮಾರು 30 ಕಿ.ಮೀ. ಒಳಗೆ ಇಳಿಯಬೇಕಾದರೆ ಅದನ್ನು ತಗ್ಗಿಸಬೇಕು. ಇಳಿಯುತ್ತಾ ಸೂರ್ಯನ ಸೆಳೆತಕ್ಕೆ ವೇಗ ಮತ್ತೆ ಏರುತ್ತದೆ. ಬುಧನ ಹತ್ತಿರ ತಲುಪುವಾಗ ಅತಿ ವೇಗ, ಗಾಳಿಗೆ ಉಜ್ಜಿ ನಿಲ್ಲಿಸೋಣ ಅಂದರೆ ಅಲ್ಲಿ ಗಾಳಿಯೇ ಇಲ್ಲ. ಎಲ್ಲವನ್ನೂ ಇಂಧನದಿಂದಲೇ ಮಾಡಲು ಆಗದು. ಹಾಗಾಗಿ ದಾರಿಯಲ್ಲಿ ಸಿಗುವ ಗ್ರಹಗಳ ಪಕ್ಕ ಹಾದು, ಅವುಗಳ ಸೆಳೆತದಿಂದ ವೇಗ ತಗ್ಗಿಸಿಕೊಳ್ಳುತ್ತಾರೆ.

ಮ್ಯಾರಿನರ್ 10

ನಾಸಾದ ಈ ನೌಕೆ ಹೊರಟಿದ್ದು 1973ರ ನವೆಂಬರ್ 3ರಂದು. 1974ರ ಫೆಬ್ರವರಿ 5ರಂದು ಶುಕ್ರನ ಪಕ್ಕ ಹಾದು ಬುಧನ ಕಡೆ ತಿರುಗಿತು. ಒಂದು ಗ್ರಹದ ಸೆಳೆತ ಬಳಸಿ ಇನ್ನೊಂದು ಗ್ರಹ ತಲುಪಿದ ಮೊದಲ ನೌಕೆ ಇದೇ.

ಮೊದಲ ಯೋಜನೆಯಲ್ಲಿ ಬುಧನ ಭೇಟಿ ಒಂದೇ ಸಲ. ಕೊಲಂಬೊ ಲೆಕ್ಕ ನೋಡಿ ಒಂದು ಮಾತು ಹೇಳಿದರು. ಬುಧನನ್ನು ದಾಟಿದ ಮೇಲೆ ನೌಕೆ ಸೂರ್ಯನನ್ನು ಸುತ್ತಲು ಬುಧನ ವರ್ಷದ ಸರಿಯಾಗಿ ಎರಡು ಪಟ್ಟು ತೆಗೆದುಕೊಳ್ಳುವಂತೆ ಮಾಡಬಹುದು. ಆಗ ನೌಕೆ ಒಂದು ಸುತ್ತು ಮುಗಿಸುವಾಗ ಬುಧ ಎರಡು ಸುತ್ತು ಮುಗಿಸಿ ಅದೇ ಜಾಗದಲ್ಲಿ ಸಿಗುತ್ತಾನೆ. ಹೀಗೆ ಒಂದು ಭೇಟಿ ಮೂರಾಯಿತು: 1974ರ ಮಾರ್ಚ್ 29, ಸೆಪ್ಟೆಂಬರ್ 21, 1975ರ ಮಾರ್ಚ್ 16. ಕ್ಯಾಲೆಂಡರ್ ತೆಗೆದು ಎಣಿಸಿ. ಎರಡು ಅಂತರಗಳೂ 176 ದಿನ. ನಾನು ಎಣಿಸಿದಾಗ ಮೈ ಜುಮ್ಮೆಂದಿತು.

ಈಗ ತುಳಸಿ ಕಟ್ಟೆ ನೆನಪಿಸಿಕೊಳ್ಳಿ. 176 ದಿನ ಅಂದರೆ ಬುಧನ ಸರಿಯಾಗಿ ಒಂದು ದಿನ. ನೌಕೆ ಬಂದಾಗೆಲ್ಲ ಬಿಸಿಲು ಅದೇ ಮಗ್ಗುಲಿಗೆ ಬಿದ್ದಿರುತ್ತಿತ್ತು. ಉಳಿದದ್ದು ಕತ್ತಲೆ. ಮೂರು ಸಲ ಹೋದರೂ ಸಿಕ್ಕಿದ್ದು ಅರ್ಧಕ್ಕಿಂತ ಕಡಿಮೆ ಮೇಲ್ಮೈಯ ಚಿತ್ರ, ಶೇ. 45ರಷ್ಟು. ಕ್ಯಾಲೊರಿಸ್ ಎಂಬ ದೊಡ್ಡ ಬೋಗುಣಿಯಂಥ ತಗ್ಗು ಬೆಳಕು-ಕತ್ತಲೆಯ ಗಡಿಯಲ್ಲೇ ಇತ್ತು. ಅದರ ಅರ್ಧ ಮಾತ್ರ ಕಂಡಿತು. ನೌಕೆ ಮೂರು ಸಲ ಬರುವಂತೆ ಮಾಡಿದ ಸಂಖ್ಯೆಯೇ ಇನ್ನರ್ಧ ಕಾಣದಂತೆಯೂ ಮಾಡಿತು.

ಆದರೂ ಮೂರನೇ ಸಲ ಬರೀ 327 ಕಿ.ಮೀ. ಎತ್ತರದಲ್ಲಿ ಹಾದು, ಬುಧನಿಗೆ ಕಾಂತಕ್ಷೇತ್ರ ಇದೆ ಎನ್ನುವುದನ್ನು ಗಟ್ಟಿ ಮಾಡಿಕೊಂಡಿತು. ಇಷ್ಟು ಚಿಕ್ಕ ಗ್ರಹಕ್ಕೆ ಅದು ಇರುತ್ತದೆ ಎಂದು ಹೆಚ್ಚು ಜನ ಎಣಿಸಿರಲಿಲ್ಲ. ಎಂಟು ದಿನದ ನಂತರ, ಮಾರ್ಚ್ 24ರಂದು, ನೌಕೆಯ ದಿಕ್ಕು ಸರಿಪಡಿಸುವ ಅನಿಲ ತೀರಿ ಸಂಪರ್ಕ ಮುಗಿಯಿತು.

ಮೆಸೆಂಜರ್, ಬೆಪಿಕೊಲಂಬೊ

ನಂತರ 30 ವರ್ಷಕ್ಕೂ ಜಾಸ್ತಿ ಕಾಲ ಬುಧನ ಬಳಿ ಯಾರೂ ಹೋಗಲಿಲ್ಲ. ನಾಸಾದ ಮೆಸೆಂಜರ್ 2004ರ ಆಗಸ್ಟ್ 3ರಂದು ಹೊರಟು, ಭೂಮಿಯನ್ನು ಒಂದು ಸಲ, ಶುಕ್ರನನ್ನು ಎರಡು ಸಲ, ಬುಧನನ್ನೇ ಮೂರು ಸಲ ಹಾದು, 2011ರ ಮಾರ್ಚ್ 18ರಂದು ಕಕ್ಷೆಗೆ ಸೇರಿತು. 2008ರ ಜನವರಿಯ ಮೊದಲ ಭೇಟಿಯಲ್ಲೇ ಕ್ಯಾಲೊರಿಸ್ ಪೂರ್ತಿ ಕಂಡಿತು. ಅಗಲ ಸುಮಾರು 1,550 ಕಿ.ಮೀ. ಬುಧನ ಧ್ರುವಗಳಲ್ಲಿ ಬಿಸಿಲೇ ತಾಗದ ಕುಳಿಗಳ ಒಳಗೆ ನೀರಿನ ಮಂಜುಗಡ್ಡೆ ಇದೆ ಎನ್ನುವುದಕ್ಕೂ 2012ರಲ್ಲಿ ಇದೇ ಬಲವಾದ ಸಾಕ್ಷಿ ಕೊಟ್ಟಿತು. ಅಂದಹಾಗೆ, ಬುಧನ ಕುಳಿಗಳಿಗೆ ಕಲಾವಿದರು, ಕವಿಗಳು, ಸಂಗೀತಗಾರರ ಹೆಸರು ಇಡುತ್ತಾರೆ. ಕಾಳಿದಾಸ, ವಾಲ್ಮೀಕಿ, ತ್ಯಾಗರಾಜ ಅಲ್ಲಿದ್ದಾರೆ.

ಯುರೋಪ್ ಮತ್ತು ಜಪಾನ್ ಸೇರಿ 2018ರ ಅಕ್ಟೋಬರ್ 20ರಂದು ಕಳಿಸಿದ ನೌಕೆಯ ಹೆಸರು ಬೆಪಿಕೊಲಂಬೊ. ಅವರದೇ ಹೆಸರು. ಇದು ಒಟ್ಟು ಒಂಬತ್ತು ಸಲ ಗ್ರಹಗಳ ಪಕ್ಕ ಹಾದಿದೆ, ಅದರಲ್ಲಿ ಆರು ಬುಧನದೇ. ಕಕ್ಷೆ ಸೇರುವುದು 2026ರ ನವೆಂಬರ್‌ಗೆ ಎಂದು ಯೋಜನೆ.

ಕಕ್ಷೆಯಲ್ಲಿ ಉಳಿಯುವುದರ ಲಾಭ ಈಗ ಸುಲಭವಾಗಿ ಅರ್ಥವಾಗುತ್ತದೆ. ಅಲ್ಲೇ ಸುತ್ತುತ್ತಾ 176 ದಿನ ಕಾದರೆ ಬುಧನ ಎರಡೂ ಮಗ್ಗುಲಿಗೆ ಒಂದೊಂದು ಸಲ ಬಿಸಿಲು ಬಂದು ಹೋಗುತ್ತದೆ. ಮೆಸೆಂಜರ್ 2015ರ ಏಪ್ರಿಲ್ 30ರಂದು ಬುಧನಿಗೆ ಅಪ್ಪಳಿಸುವ ತನಕ ಕಕ್ಷೆಯಲ್ಲಿದ್ದದ್ದು ನಮ್ಮ ಲೆಕ್ಕದಲ್ಲಿ 1,504 ದಿನ. 176ರಿಂದ ಭಾಗಿಸಿ. ಬುಧನ ಲೆಕ್ಕದಲ್ಲಿ ಅದು ಎಂಟೂವರೆ ದಿನ.