ಬಾರ್‌ನಲ್ಲಿ ಹಿತವಾಗಿರುವ ಟೀ ಜಿನ್ ಮನೆಯಲ್ಲಿ ಯಾಕೆ ಕೆಡುತ್ತದೆ?

ಪ್ರಶ್ನೆ: ನಾವು ಆಗಾಗ ಹೋಗುವ ರೆಸ್ಟೋರೆಂಟಿನ ಬಾರ್‌ನಲ್ಲಿ ಅರ್ಲ್ ಗ್ರೇ ಟೀ ನೆನೆಸಿದ ಜಿನ್‌ನಿಂದ ಒಂದು ಕಾಕ್‌ಟೇಲ್ ಮಾಡುತ್ತಾರೆ. ನನಗೆ ಅದೆಂದರೆ ತುಂಬಾ ಇಷ್ಟ. ಅದೇ ಟೀ, ಅದೇ ಜಿನ್ ತಂದು ಮನೆಯಲ್ಲಿ ಮಾಡಿದರೆ ಬಾಯಿಗೆ ಇಡೋಕಾಗದಷ್ಟು ಕಹಿ. ಎಲ್ಲಿ ತಪ್ಪುತ್ತಿದ್ದೇನೆ?

ನಿಮಗೆ ಸಿಕ್ಕಿದ್ದು ಕಹಿಯೋ ಒಗರೋ, ಮೊದಲು ಅದನ್ನು ನೋಡಿ. ಇನ್ನೊಂದು ಗುಟುಕು ಕುಡಿಯಿರಿ. ನಾಲಿಗೆ ಒಣಗಿ, ಕೆನ್ನೆಯ ಒಳಭಾಗ ಬಿಗಿದುಕೊಂಡ ಹಾಗಾಗುತ್ತಾ? ಮಾಗದ ಹಣ್ಣು ಕಚ್ಚಿದಾಗ ಆಗುತ್ತದಲ್ಲ, ಹಾಗೆ? ಅದು ಒಗರು. ಟೀ ಜಿನ್ ಕೆಡುವುದು ಹೆಚ್ಚಾಗಿ ಒಗರಿನಿಂದಲೇ. ಸಕ್ಕರೆ ಪಾಕ ಎಷ್ಟು ಸುರಿದರೂ ಅದು ಪೂರ್ತಿ ಹೋಗುವುದಿಲ್ಲ. ಸಿಹಿಯೂ ಆಗಿ, ಒಗರೂ ಉಳಿದು, ಇನ್ನೂ ಕೆಟ್ಟದಾಗುತ್ತದೆ.

ಒಗರಿಗೆ ಕಾರಣ ಟೀಯಲ್ಲಿರುವ ಟ್ಯಾನಿನ್. ಎಂಜಲಿನಲ್ಲಿರುವ ಪ್ರೋಟೀನನ್ನು ಅದು ಹಿಡಿದುಕೊಳ್ಳುತ್ತದೆ. ಬಾಯಿಯ ಜಾರು ಹೋಗಿ ಒರಟಾಗುತ್ತದೆ. ಈ ಹಿಡಿದುಕೊಳ್ಳುವ ಗುಣವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ತಣ್ಣೀರಿನಲ್ಲಿ ಟೀ ಎಲೆ ಹಾಕಿ ರಾತ್ರಿಯಿಡೀ ಬಿಟ್ಟರೆ ಹಿತವಾದ ಟೀ ಸಿಗುತ್ತದೆ. ಜಿನ್ ಕೂಡ ತಣ್ಣಗೇ ಇದೆಯಲ್ಲ, ಅದರಲ್ಲೂ ರಾತ್ರಿಯಿಡೀ ಬಿಡೋಣ ಅನಿಸುವುದು ಸಹಜ. ನಾನೂ ಒಮ್ಮೆ ಹಾಗೇ ಮಾಡಿದ್ದೆ. ಬೆಳಿಗ್ಗೆ ಬಾಟಲಿಯಲ್ಲಿ ತಾಮ್ರದ ಬಣ್ಣ ನೋಡಿ ಖುಷಿಯಾಗಿತ್ತು. ಒಂದು ಚಮಚ ಬಾಯಿಗೆ ಹಾಕಿಕೊಂಡ ಮೇಲೆ ಖುಷಿ ಉಳಿಯಲಿಲ್ಲ. ಜಿನ್‌ನಲ್ಲಿ ಶೇಕಡ 40ರ ಆಸುಪಾಸು ಆಲ್ಕೋಹಾಲ್ ಇರುತ್ತದೆ. ಅರ್ಲ್ ಗ್ರೇಗೆ ಘಮ ಕೊಡುವುದು ಬರ್ಗಮಾಟ್ ಎಂಬ ನಿಂಬೆ ಜಾತಿಯ ಹಣ್ಣಿನ ಎಣ್ಣೆ. ಅದನ್ನು ನೀರಿಗಿಂತ ಆಲ್ಕೋಹಾಲ್ ಚೆನ್ನಾಗಿ ಕರಗಿಸಿಕೊಳ್ಳುತ್ತದೆ. ಹಾಗಾಗಿ ಘಮ ಬೇಗ ಬರುತ್ತದೆ. ಆದರೆ ಟ್ಯಾನಿನ್ ಕೂಡ ಅದರ ಹಿಂದೆಯೇ ಬರುತ್ತದೆ. ತಣ್ಣೀರಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಹಾಗಾದರೆ ಎಷ್ಟು ಹೊತ್ತು? ಇಲ್ಲಿಯೇ ಬಹಳ ಜನ ಎಡವುವುದು. ಈ ಬಗೆಯ ಕಾಕ್‌ಟೇಲ್‌ಗಳಲ್ಲಿ ಹೆಸರಾದದ್ದು ಅರ್ಲ್ ಗ್ರೇ ಮಾರ್‌ಟೀನಿ. ಅದನ್ನು ಮಾಡಿದವರು ಆಡ್ರಿ ಸಾಂಡರ್ಸ್, ನ್ಯೂಯಾರ್ಕಿನ ಕಾರ್ಲೈಲ್ ಹೋಟೆಲಿನ ಬೆಮೆಲ್ಮನ್ಸ್ ಬಾರ್‌ನಲ್ಲಿದ್ದಾಗ. 2005ರಲ್ಲಿ ಅವರು ಅದೇ ಊರಿನಲ್ಲಿ ತೆರೆದ ಪೆಗು ಕ್ಲಬ್‌ನಲ್ಲೂ ಅದು ಸಿಗುತ್ತಿತ್ತು. ಅವರ ಅಳತೆ ಹೀಗಿದೆ: 750 ಮಿಲಿ ಜಿನ್‌ಗೆ 4 ದೊಡ್ಡ ಚಮಚ ಬಿಡಿ ಟೀ ಎಲೆ, 2 ಗಂಟೆ. ಆ 2 ಗಂಟೆಯನ್ನು ನೋಡಿ ಎಲ್ಲರೂ ಹಾಗೇ ನೆನೆಸುತ್ತಾರೆ. ಆದರೆ ಗ್ಲಾಸಿಗೆ ಏನೇನು ಹೋಗುತ್ತದೆ ಅಂತ ಪೂರ್ತಿ ಓದುವುದಿಲ್ಲ. ಸುಮಾರು 45 ಮಿಲಿ ಟೀ ಜಿನ್, 22 ಮಿಲಿ ನಿಂಬೆರಸ, 30 ಮಿಲಿ ಸಕ್ಕರೆ ಪಾಕ. ಜೊತೆಗೆ ಒಂದು ಮೊಟ್ಟೆಯ ಬಿಳಿಭಾಗ.

ಮೊಟ್ಟೆ ಇರುವುದು ಬರೀ ನೊರೆಗಲ್ಲ. ಅದರ ಪ್ರೋಟೀನು ಟ್ಯಾನಿನನ್ನು ಹಿಡಿದುಕೊಳ್ಳುತ್ತದೆ. ನಿಮ್ಮ ನಾಲಿಗೆಯ ಮೇಲೆ ಆಗಬೇಕಾದದ್ದು ಕಾಕ್‌ಟೇಲ್ ಕುಲುಕುವ ಶೇಕರ್‌ನೊಳಗೇ ಮುಗಿದುಹೋಗುತ್ತದೆ. ಟೀಗೆ ಹಾಲು ಬೆರೆಸಿದರೆ ಒಗರು ತಗ್ಗುವುದೂ ಇದೇ ಕಾರಣಕ್ಕೆ. ಅಂದರೆ 2 ಗಂಟೆಯ ಗಾಢ ಟೀ ಜಿನ್ ಮೊಟ್ಟೆಯನ್ನು ನಂಬಿ ಮಾಡಿದ್ದು. ಮೊಟ್ಟೆ ಬಿಟ್ಟರೆ ಹೊತ್ತನ್ನೂ ಇಳಿಸಬೇಕು, ಅಲ್ವಾ?

ನಾನು ಕೂರುವ ಬಾರ್‌ನಲ್ಲಿ ಟೀ ಜಿನ್‌ಗೆ ಸುಮ್ನೆ ಟಾನಿಕ್ ವಾಟರ್ ಎಂಬ ಕಹಿಮಿಶ್ರಿತ ಸೋಡಾ ಸೇರಿಸಿ ಕೊಡುತ್ತಾರೆ, ಮೊಟ್ಟೆ ಇಲ್ಲ. ಕೌಂಟರಿನ ತುದಿಯ ಕುರ್ಚಿಯಿಂದ ಅವರ ಕೆಲಸ ಚೆನ್ನಾಗಿ ಕಾಣುತ್ತದೆ. ಜಾಡಿಯ ಪಕ್ಕದಲ್ಲಿ ಫೋನ್, ಅದರಲ್ಲಿ ಟೈಮರ್. ಹತ್ತು ನಿಮಿಷವಾದ ಮೇಲೆ ಬಾರ್ಟೆಂಡರ್ ಒಂದು ಸ್ಟ್ರಾ ಅದ್ದಿ ಎರಡು ಹನಿ ನಾಲಿಗೆಗೆ ಹಾಕಿಕೊಳ್ಳುತ್ತಾರೆ. ಮತ್ತೆ ಐದು ನಿಮಿಷಕ್ಕೊಮ್ಮೆ, ಪ್ರತಿಸಲ ಹೊಸ ಸ್ಟ್ರಾ. ಇಪ್ಪತ್ತು ದಾಟುವುದರೊಳಗೆ ಜರಡಿಗೆ ಸುರಿದುಬಿಡುತ್ತಾರೆ. ಜರಡಿಯಲ್ಲಿ ಉಳಿದ ಎಲೆಯನ್ನು ಚಮಚದಿಂದ ಒತ್ತುವುದೂ ಇಲ್ಲ, ತಾನಾಗಿ ಸೋರಲು ಬಿಡುತ್ತಾರೆ. ಯಾಕೆ ಅಂತ ಕೇಳಿದ್ದಕ್ಕೆ, "ಹಿಂಡಿದರೆ ಒಗರೇ ಇಳಿಯೋದು" ಎಂದರು. ನನ್ನ ಕೈಯಲ್ಲಿ ಹಿಂಡುವ ಚಟ ಇತ್ತು, ಅವತ್ತೇ ಬಿಟ್ಟೆ.

ನೀವೂ ಮೊಟ್ಟೆ ಹಾಕದಿದ್ದರೆ ಹಾಗೇ ಮಾಡಿ. ಇಡೀ ಎಲೆಯ ಟೀ ತಗೊಳ್ಳಿ. ಪುಡಿಯಾದಷ್ಟೂ ಎಲ್ಲವೂ ಬೇಗ ಬಿಟ್ಟುಕೊಳ್ಳುತ್ತದೆ, ಹಿಡಿತ ತಪ್ಪುತ್ತದೆ. ಮೊದಲಸಲ ಒಂದು ಲೋಟದಷ್ಟೇ ಮಾಡಿ, ಪೂರ್ತಿ ಬಾಟಲಿ ಹಾಳುಮಾಡಬೇಡಿ. ಘಮ ಸಾಲದು ಅನಿಸಿದರೆ ಹೊತ್ತು ಹೆಚ್ಚಿಸುವ ಬದಲು ಎಲೆ ಜಾಸ್ತಿ ಹಾಕಿ. ಮೊಟ್ಟೆ ಹಾಕುವುದಾದರೆ ತಾಜಾ ಇರಲಿ. ಮೊದಲು ಐಸ್ ಇಲ್ಲದೆ, ಆಮೇಲೆ ಐಸ್ ಹಾಕಿ ಜೋರಾಗಿ ಕುಲುಕಿ. ಹಸಿ ಮೊಟ್ಟೆ ಆಗಬಾರದವರು ಇದನ್ನು ಬಿಟ್ಟುಬಿಡುವುದೇ ಒಳ್ಳೆಯದು.

ಈಗ ಮನೆಯಲ್ಲಿ ಉಳಿದಿರುವ ಆ ಒಗರು ಜಿನ್ ಇದೆಯಲ್ಲ, ಅದನ್ನು ಚೆಲ್ಲಬೇಡಿ. ಒಂದು ಪಾತ್ರೆಯಲ್ಲಿ ಜಿನ್‌ನ ಕಾಲುಭಾಗದಷ್ಟು ಹಾಲು ಹಾಕಿ, ಅದಕ್ಕೆ ಜಿನ್ ಸುರಿಯಿರಿ. ಜಿನ್‌ಗೆ ಹಾಲಲ್ಲ, ಹಾಲಿಗೆ ಜಿನ್. ಸ್ವಲ್ಪ ನಿಂಬೆರಸ ಹಿಂಡಿದರೆ ಹಾಲು ಒಡೆಯುತ್ತದೆ. ಒಡೆದ ಗಸಿ ಟ್ಯಾನಿನನ್ನು ಹಿಡಿದುಕೊಂಡು ತಳಕ್ಕೆ ಇಳಿಯುತ್ತದೆ. ಕಾಫಿ ಫಿಲ್ಟರ್ ಕಾಗದದಲ್ಲಿ ಸೋಸಿ. ನಿಧಾನವಾಗಿ ಹನಿಯುತ್ತದೆ, ಒಂದೆರಡು ಗಂಟೆ ಹಿಡಿದರೂ ಹಿಡಿಯಬಹುದು. ಕೆಳಗೆ ಇಳಿಯುವುದು ತಿಳಿಯಾಗಿರುತ್ತದೆ, ಬಣ್ಣ ಸ್ವಲ್ಪ ಕಡಿಮೆ, ಬರ್ಗಮಾಟ್ ಘಮ ಹಾಗೇ. ಫ್ರಿಜ್‌ನಲ್ಲಿಟ್ಟು ಒಂದು ವಾರದೊಳಗೆ ಖಾಲಿ ಮಾಡಿ.