ಕಂಪ್ರೆಸರ್ ಪೈಪಿಗೆ ಯಾವ ಫಿಟ್ಟಿಂಗ್ ಹಾಕಿದರೆ ಗಾಳಿ ಸೋರುವುದಿಲ್ಲ?

ಪ್ರಶ್ನೆ: ನಮ್ಮ ಮನೆ ಧಾರವಾಡದಲ್ಲಿ. ಹಿತ್ತಲ ಶೆಡ್‌ನಲ್ಲಿ 50 ಲೀಟರ್ ಟ್ಯಾಂಕಿನ ಕಂಪ್ರೆಸರ್ ಇದೆ. ಗಾಳಿ ಹೊಡೆಯೋದು, ಬ್ಲೋ ಗನ್, ಒಮ್ಮೊಮ್ಮೆ ಪೇಂಟ್ ಸ್ಪ್ರೇ, ಅಷ್ಟೇ ಕೆಲಸ. ಏನೂ ಬಳಸದಿದ್ದರೂ ಸ್ವಲ್ಪ ಹೊತ್ತಿಗೊಮ್ಮೆ ಮೋಟರ್ ತಾನಾಗಿ ಚಾಲೂ ಆಗುತ್ತದೆ. ಎರಡು ಸಲ ಫಿಟ್ಟಿಂಗ್ ಬದಲಿಸಿದೆ. ಸೋರದ ಫಿಟ್ಟಿಂಗ್ ಯಾವುದು ಹೇಳ್ರಿ.

ಉತ್ತರ: ಮೂರನೇ ಸಲ ಅಂಗಡಿಗೆ ಹೋಗುವ ಮೊದಲು ಸ್ವಲ್ಪ ನಿಲ್ಲಿ. ಫಿಟ್ಟಿಂಗ್ ಯಾವ ಕಂಪನಿಯದು ಅನ್ನೋದು ಆಮೇಲಿನ ಮಾತು. ಆ ಜಾಯಿಂಟಿನಲ್ಲಿ ಗಾಳಿಯನ್ನು ತಡೆಯುತ್ತಿರುವುದು ಯಾವುದು, ಟೇಪೋ, ವಾಷರೋ, ಓ-ರಿಂಗೋ (ರಬ್ಬರ್ ಬಳೆ), ಅದನ್ನು ಮೊದಲು ನೋಡಬೇಕು. ವಾಷರ್ ಬೇಕಾದ ಕಡೆ ಟೇಪ್ ಸುತ್ತಿದರೆ ಎಷ್ಟು ದುಬಾರಿ ಫಿಟ್ಟಿಂಗ್ ಆದರೂ ಸೋರುತ್ತದೆ.

ಸೋರುವುದು ಪೈಪಿನಲ್ಲೇ ಅಂತ ಖಾತ್ರಿ ಇದೆಯಾ? ಟ್ಯಾಂಕ್ ತುಂಬಿಸಿ, ಸ್ವಿಚ್ ಆಫ್ ಮಾಡಿ, ಅರ್ಧ ಗಂಟೆ ಬಿಡಿ. ಬಿಸಿ ಗಾಳಿ ತಣ್ಣಗಾಗುವಾಗ ಪ್ರೆಶರ್ ಗೇಜಿನ ಮುಳ್ಳು ತಾನಾಗಿಯೇ ಸ್ವಲ್ಪ ಇಳಿಯುತ್ತದೆ, ಅದು ಸೋರಿಕೆ ಅಲ್ಲ. ಆಮೇಲೆ ಟ್ಯಾಂಕಿನ ಬಾಯಿಯ ವಾಲ್ವ್ ಮುಚ್ಚಿ, ಮುಳ್ಳು ಎಲ್ಲಿದೆ ಬರೆದಿಟ್ಟು, ಒಂದೆರಡು ಗಂಟೆ ಬಿಟ್ಟು ನೋಡಿ. ಆಗಲೂ ಇಳಿದರೆ ತೊಂದರೆ ಟ್ಯಾಂಕಿನ ಕಡೆಯೇ ಇದೆ. ಮೋಟರ್ ನಿಂತಾಗ, ಅದನ್ನು ತಾನಾಗಿ ಚಾಲೂ-ಬಂದ್ ಮಾಡುವ ಪ್ರೆಶರ್ ಸ್ವಿಚ್ ಹತ್ತಿರ ಒಂದೆರಡು ಸೆಕೆಂಡ್ ಪುಸ್ ಅಂದರೆ ಸರಿ, ಆದರೆ ಅದು ನಿಲ್ಲದೆ ಸುಸ್ ಅನ್ನುತ್ತಲೇ ಇದ್ದರೆ ಟ್ಯಾಂಕಿನ ಗಾಳಿ ಹಿಂದಕ್ಕೆ ಬರದಂತೆ ತಡೆಯುವ ನಾನ್-ರಿಟರ್ನ್ ವಾಲ್ವ್ ಹೋಗಿದೆ ಅಂತ ಅರ್ಥ, ಅದಕ್ಕೆ ಪೈಪಿನ ಫಿಟ್ಟಿಂಗ್ ಎಷ್ಟು ಬದಲಿಸಿದರೂ ಉಪಯೋಗ ಇಲ್ಲ. ಮುಳ್ಳು ನಿಂತಲ್ಲೇ ನಿಂತಿದ್ದರೆ ವಾಲ್ವ್ ತೆರೆದು, ಪಾತ್ರೆ ತೊಳೆಯುವ ಸೋಪಿನ ನೀರನ್ನು ಒಂದೊಂದೇ ಜಾಯಿಂಟಿಗೆ ಹಚ್ಚಿ. ಗುಳ್ಳೆ ಎಲ್ಲಿ ಏಳುತ್ತದೋ ಅಲ್ಲೇ ಕಳ್ಳ.

ಸಣ್ಣ ತೂತಲ್ವಾ ಅಂತ ಬಿಡಬೇಡಿ. ಚದರ ಸೆಂಟಿಮೀಟರಿಗೆ 7 ಕೆಜಿ ಪ್ರೆಶರ್‌ನಲ್ಲಿ 1 ಮಿಮೀ ತೂತಿನಿಂದ ಸೆಕೆಂಡಿಗೆ ಸುಮಾರು 1 ಲೀಟರ್ ಗಾಳಿ ಹೋಗುತ್ತದೆ. ನಿಮ್ಮ 50 ಲೀಟರ್ ಟ್ಯಾಂಕಿನಲ್ಲಿ ಒಂದು ನಿಮಿಷದ ಒಳಗೆ 1 ಕೆಜಿ ಪ್ರೆಶರ್ ಇಳಿದಂತೆ. ಆ ಗಾಳಿಗೂ ಹೆಸ್ಕಾಂ ಕರೆಂಟ್ ಬಿಲ್ ಕಟ್ಟುವವರು ನೀವೇ.

ಈಗ ಥ್ರೆಡ್. ಹೆಚ್ಚು ಜನ ತಪ್ಪುವುದು ಇಲ್ಲೇ. ನಮ್ಮ ಕಡೆ ಸಿಗುವುದು ಬಹುತೇಕ ಬ್ರಿಟಿಷ್ ಅಳತೆಯ ಬಿಎಸ್‌ಪಿ ಥ್ರೆಡ್. ಅದರ ಕಾಲು ಇಂಚಿನ ಥ್ರೆಡ್ಡನ್ನು ಹೊರಗಿನಿಂದ ಅಳೆದರೆ ಸುಮಾರು 13 ಮಿಮೀ ಬರುತ್ತದೆ. ನಾನೂ ಮೊದಲ ಸಲ ಸ್ಕೇಲ್ ಇಟ್ಟು ನೋಡಿ, 13 ಮಿಮೀ ಅಂದರೆ ಅರ್ಧ ಇಂಚು ಅಂತ ಲೆಕ್ಕ ಹಾಕಿ ಅರ್ಧ ಇಂಚಿನ ಫಿಟ್ಟಿಂಗ್ ತಂದೆ. ಅದು 21 ಮಿಮೀ ಇತ್ತು! ಪೈಪಿನ ಇಂಚು ಹೆಸರಿಗೆ ಮಾತ್ರ, ಸ್ಕೇಲಿನ ಇಂಚು ಅಲ್ಲ. ಆದ್ದರಿಂದ ಹಳೆಯ ಫಿಟ್ಟಿಂಗ್ ಬಿಚ್ಚಿ ಕಿಸೆಯಲ್ಲಿ ಹಾಕಿಕೊಂಡೇ ಅಂಗಡಿಗೆ ಹೋಗಿ. "ಯಾವ ಸೈಜ್ ಬೇಕ್ರಿ?" ಅಂದರೆ ಅದನ್ನೇ ಕೈಗಿಡಿ.

ಆನ್‌ಲೈನ್‌ನಲ್ಲಿ ತರಿಸಿದ ಕೆಲವು ಗನ್‌ಗಳಿಗೆ ಅಮೆರಿಕದ ಎನ್‌ಪಿಟಿ ಥ್ರೆಡ್ ಇರುತ್ತದೆ. ಕಾಲು ಇಂಚಿನಲ್ಲಿ ಬಿಎಸ್‌ಪಿಗೆ ಇಂಚಿಗೆ 19 ಸುತ್ತು, ಎನ್‌ಪಿಟಿಗೆ 18. ಥ್ರೆಡ್ಡಿನ ಹಲ್ಲಿನ ಕೋನವೂ ಬೇರೆ, 55 ಮತ್ತು 60 ಡಿಗ್ರಿ. ಎರಡು ಮೂರು ಸುತ್ತು ಸಲೀಸಾಗಿ ಹೋಗಿ ಆಮೇಲೆ ಬಿಗಿಯಾದರೆ ಪಾನಾ ಹಾಕಿ ತಿರುವಬೇಡಿ, ಎರಡೂ ಥ್ರೆಡ್ ಹಾಳಾಗುತ್ತವೆ.

ಬಿಎಸ್‌ಪಿಯಲ್ಲೂ ಎರಡು ಜಾತಿ. ತುದಿಗೆ ಹೋಗುತ್ತಾ ಸಣ್ಣಗಾಗುವ ಟೇಪರ್ ಥ್ರೆಡ್ಡಿಗೆ ಟೆಫ್ಲಾನ್ ಟೇಪ್ ಬೇಕು. ಥ್ರೆಡ್ಡಿನ ತುದಿ ನಿಮ್ಮ ಕಡೆ ಇರುವಂತೆ ಹಿಡಿದು, ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ಎಳೆದು ನಾಲ್ಕೈದು ಸುತ್ತು ಸುತ್ತಿ. ಮೊದಲ ಥ್ರೆಡ್ ಬಿಡಿ, ಇಲ್ಲದಿದ್ದರೆ ಟೇಪಿನ ಚೂರು ಒಳಗೆ ಹೋಗಿ ಗನ್ನಿನಲ್ಲಿ ಸಿಕ್ಕಿಕೊಳ್ಳುತ್ತದೆ. ಬಿಗಿ ಮಾಡಿದ ಮೇಲೆ ಫಿಟ್ಟಿಂಗಿನ ಮುಖ ಬೇಕಾದ ಕಡೆ ಬರಲಿ ಅಂತ ಸ್ವಲ್ಪ ಹಿಂದೆ ತಿರುಗಿಸಿದಿರೋ, ಆ ಟೇಪ್ ಕೆಟ್ಟ ಹಾಗೇ, ಬಿಚ್ಚಿ ಹೊಸದಾಗಿ ಸುತ್ತಿ. ಇನ್ನೊಂದು, ಉದ್ದಕ್ಕೂ ಒಂದೇ ದಪ್ಪ ಇರುವ ನೇರ ಥ್ರೆಡ್. ನೇರ ಥ್ರೆಡ್ಡನ್ನು ನೇರ ಥ್ರೆಡ್ಡಿಗೇ ಕೂರಿಸಿದಾಗ ಗಾಳಿ ತಡೆಯುವುದು ಬುಡದ ವಾಷರ್ ಮಾತ್ರ. ಅಲ್ಲಿ ಟೇಪ್ ಹತ್ತು ಸುತ್ತು ಹಾಕಿದರೂ ಅಷ್ಟೇ.

ಪೈಪಿನ ವಿಷಯ ಸುಲಭ. 8 ಮಿಮೀ ಪಿಯು (ಪಾಲಿಯುರಿಥೇನ್ ಪ್ಲಾಸ್ಟಿಕ್) ಪೈಪ್ ಅಂದರೆ ಹೊರಗಿನ ಅಳತೆ 8, ಒಳಗೆ ಸಾಮಾನ್ಯವಾಗಿ 5. ಒತ್ತಿ ಕೂರಿಸುವ ಪಿಯು ಕನೆಕ್ಟರ್ ಹಿಡಿಯುವುದು ಹೊರಗಿನ ಅಳತೆಯನ್ನು. ರಬ್ಬರ್ ಪೈಪಿಗೆ ಹಾಕುವ ನಿಪ್ಪಲ್ ಒಳಗಿನ ಅಳತೆಗೆ ಕೂರಬೇಕು. ಪಿಯು ಪೈಪನ್ನು ಹೊಸ ಬ್ಲೇಡಿನಿಂದ ನೇರವಾಗಿ ಕತ್ತರಿಸಿ. ಕಟಿಂಗ್ ಪ್ಲೈಯರ್‌ನಿಂದ ಕತ್ತರಿಸಿದರೆ ತುದಿ ಚಪ್ಪಟೆಯಾಗುತ್ತದೆ, ಓ-ರಿಂಗ್ ಮೇಲೆ ಸರಿಯಾಗಿ ಕೂರುವುದಿಲ್ಲ. ರಬ್ಬರ್ ಪೈಪಿಗೆ ಸ್ಕ್ರೂ ಇರುವ ಅಗ್ಗದ ಕ್ಲಿಪ್ ಹಾಕಿದಾಗ ಸ್ಕ್ರೂ ಕೆಳಗೆ ಸಣ್ಣ ಸಂದು ಉಳಿಯುತ್ತದೆ, ಸೋರಿಕೆ ಸಾಮಾನ್ಯವಾಗಿ ಅಲ್ಲೇ.

ದುಡ್ಡು ಸುರಿಯಬೇಕಾದ ಒಂದೇ ಜಾಗ ಅಂದರೆ ಕ್ವಿಕ್ ಕಪ್ಲರ್, ಪೈಪಿಗೆ ಗನ್ನನ್ನು ಪಾನಾ ಇಲ್ಲದೆ ಹಾಕಿ ಬಿಚ್ಚುವ ಜೋಡಿ. ಅದರ ಹೆಣ್ಣು ಭಾಗಕ್ಕೆ ಎಸ್, ಗಂಡು ಭಾಗಕ್ಕೆ ಪಿ ಅಂತ ಗುರುತು. ಆಮೇಲಿನ ಅಕ್ಷರ ಎಂ ಇದ್ದರೆ ಹೊರ ಥ್ರೆಡ್, ಎಫ್ ಇದ್ದರೆ ಒಳ ಥ್ರೆಡ್, ಎಚ್ ಇದ್ದರೆ ರಬ್ಬರ್ ಪೈಪಿಗೆ. ಗಾಳಿ ಬರುವ ಕಡೆ ಎಸ್, ಗನ್ನಿನ ಕಡೆ ಪಿ ಇರಬೇಕು, ಯಾಕೆಂದರೆ ಬಿಚ್ಚಿದಾಗ ಮುಚ್ಚಿಕೊಳ್ಳುವ ವಾಲ್ವ್ ಎಸ್ ಒಳಗಿದೆ. ಒಳಗಿನ ಓ-ರಿಂಗ್ ಸವೆದರೆ ಅಲ್ಲೇ ಸುಸ್ ಶುರು. ನೆಲಕ್ಕೆ ಬಿದ್ದು ಮಣ್ಣು ಹೊಕ್ಕರೂ ಅದೇ ಕಥೆ, ಮೊಳೆಗೆ ನೇತು ಹಾಕಿ. ಎಸ್ ಮತ್ತು ಪಿ ಎರಡನ್ನೂ ಒಂದೇ ಕಂಪನಿಯದು ತಗೊಳ್ಳಿ. ನೋಡಲು ಒಂದೇ ತರಹ ಇದ್ದು ಅಳತೆ ಚೂರು ಬೇರೆ ಇರುವ ಜೋಡಿಗಳು ಅಲುಗಾಡಿ ಸೋರುತ್ತವೆ.

ಮಳೆಗಾಲದಲ್ಲಿ ಧಾರವಾಡದ ಗಾಳಿಯಲ್ಲಿ ತೇವ ಜಾಸ್ತಿ, ಟ್ಯಾಂಕಿನಲ್ಲಿ ನೀರು ನಿಂತು ಪೈಪಿಗೂ ಬರುತ್ತದೆ. ಥ್ರೆಡ್ ಫಿಟ್ಟಿಂಗ್‌ಗೆ ಹಿತ್ತಾಳೆ ತಗೊಳ್ಳಿ ಅನ್ನುವುದು ಅದಕ್ಕೇ. ಕೆಲಸ ಮುಗಿದ ಮೇಲೆ ಕೆಳಗಿನ ಡ್ರೇನ್ ತೆರೆದು ನೀರು ಬಿಡಿ.

ಇನ್ನೊಂದು ಮಾತು, ಇದು ಗಾಳಿ ಉಳಿಸುವ ವಿಷಯ ಅಲ್ಲ, ಜೀವದ ವಿಷಯ. ಜಾಯಿಂಟ್ ಕಡಿಮೆಯಾಗುತ್ತದೆ ಅಂತ ಕೆಲವರು ಗೋಡೆಗೆ ನೀರಿನ ಪಿವಿಸಿ ಪೈಪ್ ಹೊಡೆದು ಗಾಳಿ ಬಿಡುತ್ತಾರೆ. ದಯವಿಟ್ಟು ಬೇಡ. ನೀರು ತುಂಬಿದ ಪಿವಿಸಿ ಒಡೆದರೆ ಸೀಳು ಬಿಡುತ್ತದೆ, ಗಾಳಿ ತುಂಬಿದ್ದು ಚೂಪಾದ ಚೂರುಗಳಾಗಿ ಸಿಡಿಯುತ್ತದೆ. ಯಾವುದೇ ಜಾಯಿಂಟಿಗೆ ಪಾನಾ ಹಾಕುವ ಮೊದಲೂ ಪೈಪಿನ ಗಾಳಿ ಪೂರ್ತಿ ಬಿಟ್ಟು, ಗೇಜಿನ ಮುಳ್ಳು ಸೊನ್ನೆಗೆ ಬಂದಿದೆಯೇ ನೋಡಿ.